ಪಕ್ಕದ ಸೀಟು

ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯವರು ಶಾಮಿಯಾನ, ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಎಡಮಂಡಿ ನೋವೆಂದು, ಗೇರು ತಾನಾಗಿಯೇ ಬೀಳುವ ಹೊಸ ಪಿಕಪ್ ಕೊಂಡಿದ್ದರು. ಆದರೂ ಪ್ರತಿ ತಿರುವಿನಲ್ಲೂ ಅವರ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು.

ಅವರೊಬ್ಬರೇ ಹೊರಟಾಗಲೆಲ್ಲ, ಸಾಗರದ ದಾರಿಯ ಏರಿನಲ್ಲಿ ಗೇರು ಬಿಟ್ಟುಬಿಡುತ್ತಿತ್ತು. ಎಂಜಿನ್ ಅರಚುತ್ತಿದ್ದರೂ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಶೋರೂಮಿನ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಅದೇ ಏರು ಹತ್ತಿಸಿ ನೋಡಿದ, ಏನೂ ಆಗಲಿಲ್ಲ. ಕಂಪ್ಯೂಟರಿನಲ್ಲೂ ದೋಷ ಕಾಣಲಿಲ್ಲ. ಜೊತೆಗೆ ಯಾರಾದರೂ ಇದ್ದರೆ ಅದು ಕೈಕೊಡುತ್ತಲೇ ಇರಲಿಲ್ಲ.

ಆಮೇಲೆ ಅವರು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯತೊಡಗಿದರು. "ಬರ್ತೀರಾ? ಮಾತಾಡದೂ ಬ್ಯಾಡ, ಸುಮ್ನೆ ಪಕ್ಕ ಕೂತ್ಕಳಿ ಸಾಕು." ಬೈದುಕೊಳ್ಳುತ್ತಲೇ ನಾನು ಅರ್ಧ ಕಾಫಿ ಬಿಟ್ಟು ಏಳುತ್ತಿದ್ದೆ. ದಾರಿಯುದ್ದಕ್ಕೂ ಅವರು ನಿಜಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ದಿನ ನನಗೆ ಜ್ವರ ಬಂದಿತ್ತು. ಇವತ್ತು ಆಗುವುದಿಲ್ಲ ಎಂದೆ. ಅವರು ಖಾಲಿ ಸೀಟನ್ನು ಸ್ವಲ್ಪ ಹೊತ್ತು ನೋಡಿ, ಹೊರಟುಹೋದರು.

ಮಧ್ಯಾಹ್ನ ಒಬ್ಬರೇ ವಾಪಸು ಬಂದರು. ನಾನು ಗೇಟಿಗೆ ಹೋಗಿ, "ಏರಲ್ಲಿ ಎಂತಾಯ್ತು?" ಎಂದು ಕೇಳಿದೆ.

"ಎಂತದೂ ಆಗ್ಲಿಲ್ಲ ಮಾರಾಯ್ರೆ. ಸಲೀಸಾಗಿ ಹತ್ತಿ ಬಂತು," ಅಂದರು. ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ.

ಆಮೇಲೆ ಗಾಡಿಯನ್ನು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದರು. ಸೀಟು ಖಾಲಿಯಾಗಿಯೇ ಇತ್ತು. ವಯಸ್ಸಾದವರು ಯಾರಾದರೂ ಇಳಿಯಲು ಬೇಕಾಗುವಷ್ಟು ಹೊತ್ತು ಅದನ್ನು ಹಿಡಿದುಕೊಂಡೇ ನಿಂತರು. ಬಳಿಕ ಸದ್ದಾಗದಂತೆ ಮುಚ್ಚಿದರು.