ತೋದೆರನ ಬಣ್ಣದ ಗುಡ್ಡಗಳು

ತೋದೆರನಿಗೆ ಐವತ್ತೊಂದು ತುಂಬಿದ ವರ್ಷ ಕಾಡಿನಲ್ಲಿ ದಿಮ್ಮಿ ಉರುಳಿ ಮೊಣಕಾಲು ಪುಡಿಯಾಯಿತು. ಅಲ್ಲಿಯವರೆಗೆ ಅವನು ಕುದುರೆ ಕಟ್ಟಿ ದಿಮ್ಮಿ ಎಳೆಸುತ್ತಿದ್ದ, ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ. ಆಮೇಲೆ ಚಳಿಗಾಲ ಪೂರ್ತಿ ಕಿಟಕಿಯ ಪಕ್ಕ ಕೂತುಬಿಟ್ಟ. ಹೊರಗೆ ಬೇಲಿ ಮುಚ್ಚುವಷ್ಟು ಹಿಮ. ಒಳಗೆ ಒಲೆ, ಹೆಂಡತಿ ಸಾವೆತಾ, ಅವಳ ಬಾಯಿ.

ಊರಿನ ಹಳೆಯ ಟೀಚರ್ ಗ್ಲಿಚೇರಿಯಾ ನೋಡಲು ಬಂದವರು ಒಂದು ಪೆಟ್ಟಿಗೆ ಬಣ್ಣದ ಕಡ್ಡಿ ಕೊಟ್ಟು ಹೋದರು. ಪೇಸ್ಟಲ್ ಕಡ್ಡಿ. ಸೀಮೆಸುಣ್ಣದ ಹಾಗೆ ಮೆತ್ತಗೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಕಿಟಕಿಯಾಚೆ ಎಲ್ಲ ಬಿಳಿ. ಅವನು ಬರೆದದ್ದು ಮಾತ್ರ ಜುಲೈ ತಿಂಗಳ ಗುಡ್ಡ. ಹಸಿರು ಹುಲ್ಲು, ಕೆಂಪು ಹೂವು, ಸಂಜೆಯ ನೇರಳೆ ನೆರಳು. ತಾನು ಕುಡುಗೋಲು ಬೀಸಿದ ಒಂದೊಂದು ಇಳಿಜಾರೂ ಅವನ ತಲೆಯಲ್ಲಿತ್ತು.

ಅವನ ತಂಗಿ ರವೇಕಾ ಬಂದಾಗಲೆಲ್ಲ ಕೆಣಕುತ್ತಿದ್ದಳು. "ಏನು ಅತ್ತಿಗೆ, ನಮ್ಮಣ್ಣ ಹಿಮದಲ್ಲೇ ಹುಲ್ಲು ಬೆಳೀತಾನಂತೆ? ನಿನ್ನ ಹಸು ತಿನ್ನುತ್ತಾ?"

"ಹಸು ಮೂಸಲ್ಲ. ನಾವೇ ತಿಂತಿದೀವಿ. ನಿನ್ನೆ ಮುದ್ದೇಲಿ ನೀಲಿ ಪುಡಿ ಇತ್ತು," ಎಂದಳು ಸಾವೆತಾ.

ತೋದೆರನೂ ನಕ್ಕ.

ಪುಡಿ ಉದುರದ ಹಾಗೆ ಮಾಡಲು ಟೀಚರ್ ಒಂದು ಉಪಾಯ ಹೇಳಿದ್ದರು. ಕೆನೆ ತೆಗೆದ ಹಾಲನ್ನು ಸಣ್ಣ ಕೊಳವೆಯಿಂದ ದೂರ ನಿಂತು, ಮಂಜಿನ ಹಾಗೆ ಊದಬೇಕು. ಒಣಗಿದರೆ ಬಣ್ಣ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಆಗ ಕ್ರಿಸ್ಮಸ್ಸಿನ ಮುಂಚಿನ ನಲವತ್ತು ದಿನದ ಉಪವಾಸ ನಡೆದಿತ್ತು. ಮನೆಯಲ್ಲಿ ಯಾರೂ ಹಾಲು ಮುಟ್ಟುವಂತಿರಲಿಲ್ಲ. ಸಾವೆತಾ ಕೆನೆಯನ್ನು ಬೆಣ್ಣೆಗೆ ಎತ್ತಿಟ್ಟು, ಉಳಿದ ಹಾಲನ್ನು ಹಂದಿಗೆ ಸುರಿಯುತ್ತಿದ್ದಳು.

"ಒಂದು ಲೋಟ ಕೊಡೇ. ಕುಡಿಯೋಕಲ್ಲ," ಎಂದ ತೋದೆರ.

"ಉಪವಾಸದಲ್ಲಿ ಹಾಲಲ್ಲಿ ಆಟ ಆಡ್ತೀಯಾ? ದೇವರು ಇನ್ನೊಂದು ಕಾಲೂ ಮುರೀತಾನೆ ನೋಡು."

"ಹಂದಿಗೆ ಹಾಕಿದ್ರೆ ಪಾಪ ಇಲ್ವಾ?"

"ಹಂದಿ ಬೆಳೀತದೆ ಕಣಯ್ಯ. ನಿನ್ನ ಗುಡ್ಡ ಬೆಳೀತದಾ?"

ಅವನು ಇನ್ನೊಮ್ಮೆ ಕೇಳಲಿಲ್ಲ. ಬರೆದದ್ದನ್ನೆಲ್ಲ ನಡುವೆ ಹಳೆಯ ಪೇಪರು ಹಾಕಿ ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ. ಹೀಗೆ ಏಳು ಚಳಿಗಾಲ. ಏಳು ಹಂದಿ ಬೆಳೆದವು, ಏಳನ್ನೂ ಕಡಿದು ತಿಂದದ್ದಾಯಿತು. ಅವುಗಳಲ್ಲಿ ಒಂದರ ಮುಖವೂ ಸಾವೆತಾಳಿಗೆ ನೆನಪಿಲ್ಲ.

ಫೆಬ್ರವರಿಯಲ್ಲಿ ತೋದೆರನ ಎದೆಬಡಿತ ನಿಂತಿತು. ಕೂತಲ್ಲೇ.

ನಲವತ್ತನೇ ದಿನದ ಪೂಜೆಗೆ ಊರವರು ಮನೆಗೆ ಬರುವವರಿದ್ದರು. ಏಳು ವರ್ಷ ಅವನನ್ನು ಸೋಮಾರಿ ಎಂದವರು. ಹೆಚ್ಚು ಸಲ ಹೇಳಿದವಳು ಸಾವೆತಾಳೇ. ಅವರಿಗೆಲ್ಲ ಚಿತ್ರಗಳನ್ನು ತೋರಿಸಬೇಕು, ನಾಲ್ಕು ಗೋಡೆಗೂ ತೂಗುಹಾಕಬೇಕು ಎಂದುಕೊಂಡು ಅವಳು ಪೆಟ್ಟಿಗೆ ತೆಗೆದಳು.

ಗುಡ್ಡಗಳು ಪೇಪರಿಗೆ ಅಂಟಿದ್ದವು. ಅಚ್ಚಾದ ಸುದ್ದಿಯ ಮೇಲೆ ಹಸಿರು, ಸತ್ತವರ ಪಟ್ಟಿಯ ಮೇಲೆ ಕೆಂಪು. ಕಾಗದದಲ್ಲಿ ಉಳಿದದ್ದು ಮಸುಕು ಮಸುಕು. ಎತ್ತಿದರೆ ಅದೂ ಉದುರಿ ಅವಳ ಮಡಿಲಿಗೆ ಬಿತ್ತು. ಒಂದೊಂದಾಗಿ ಎಲ್ಲವನ್ನೂ ತೆಗೆದು ನೋಡಿದಳು. ಎಲ್ಲವೂ ಹಾಗೇ.

ಒಂದೇ ಒಂದು ಉಳಿದಿತ್ತು. ಅವನು ಸಾಯುವ ವಾರ ಬರೆದು ಹಲಗೆಗೆ ಮೊಳೆ ಹೊಡೆದದ್ದು. ಮನೆಯ ಹಿಂದಿನ ಹುಲ್ಲುಗಾವಲು.

ಈಸ್ಟರಿನ ಉಪವಾಸ ನಡೆದಿತ್ತು. ಸಾವೆತಾ ಹಿಂದೆ ಮುಂದೆ ನೋಡಲಿಲ್ಲ. ಹಾಲು ಕರೆದಳು, ಕೆನೆ ಕಟ್ಟಲು ಇಟ್ಟಳು, ಅದನ್ನು ತೆಗೆದಳು, ಕೊಳವೆ ತುಂಬಿ ಊದಿದಳು. ಎಷ್ಟು ದೂರ ನಿಲ್ಲಬೇಕೆಂದು ಯಾರನ್ನು ಕೇಳುವುದು? ಟೀಚರ್ ಆಗಲೇ ಮಣ್ಣು ಸೇರಿದ್ದರು. ಹನಿ ದಪ್ಪಗೆ ಬಿತ್ತು. ಗುಡ್ಡದ ನೆತ್ತಿಯಿಂದ ಕೆಳಗಿನವರೆಗೆ ಹಸಿರನ್ನು ಕೊಚ್ಚಿಕೊಂಡು ಇಳಿಯಿತು. ಅವಳು ಲಂಗದ ಅಂಚಿನಿಂದ ಒತ್ತಿದಳು. ಇನ್ನಷ್ಟು ಹೋಯಿತು.

ಆದರೂ ಅದನ್ನೇ ಗೋಡೆಗೆ ಹಾಕಿದಳು.

ಪೂಜೆ ಮುಗಿಸಿದ ಪಾದ್ರಿ ಚಿತ್ರದ ಮುಂದೆ ನಿಂತರು. "ಅಬ್ಬಾ, ನಮ್ಮ ತೋದೆರನ ಕೈಲಿ ಇಂಥ ಕಲೆ ಇತ್ತಾ! ಆ ಹೊಳೆ ನೋಡಿ, ಹೆಂಗೆ ಇಳೀತಿದೆ."

"ಹೌದಲ್ವಾ!" ಎಂದಳು ರವೇಕಾ. ಉಳಿದವರೂ ತಲೆಯಾಡಿಸಿದರು. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಹೊಳೆ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸತ್ತವನ ಮನೆಯಲ್ಲಿ ಅದನ್ನು ಯಾರು ಹೇಳುತ್ತಾರೆ?

ಸಾವೆತಾ ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು.

"ಹೊಳೆ ಅಲ್ಲ ಸ್ವಾಮಿ," ಎಂದಳು, ಬಡಿಸಲು ತಂದ ಊಟದ ತಟ್ಟೆ ಹಿಡಿದುಕೊಂಡೇ. "ಅಲ್ಲಿ ಹುಲ್ಲು ಬರೆದಿದ್ದ. ಚೆನ್ನಾಗಿ ಬರೆದಿದ್ದ. ತೊಳೆದು ಹಾಕಿದವಳು ನಾನು."

ರವೇಕಾ ಎದ್ದು ಬಂದು ಅತ್ತಿಗೆಯ ಕೈಯಿಂದ ತಟ್ಟೆ ಇಸಿದುಕೊಂಡಳು, ಬಡಿಸತೊಡಗಿದಳು.