ಬಸವನಹುಳುವಿನ ನಾಲಿಗೆ ಕೀಳುವ ಹಲ್ಲಕ್ಕ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಹಲ್ಲುಬ್ಬಿದ್ದಕ್ಕಲ್ಲ, ಸಾಸಿವೆ ಕಾಳಿನಷ್ಟಿರುವ ಕಡಲ ಬಸವನಹುಳುಗಳ ಹಲ್ಲು ತೆಗೆಯುವುದೇ ಅವಳ ಕೆಲಸ. ಚಿಪ್ಪು ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಯಾವುದು ಯಾವ ಕುಟುಂಬದ್ದೆಂದು ತಿಳಿಯಬೇಕಾದರೆ ಬಾಯಿ ಬಿಡಿಸಬೇಕು. ಒಳಗೆ ಎಳೆಯಂಥ ನಾಲಿಗೆ, ಅದರ ಮೇಲೆ ಸಾಲುಸಾಲು ಹಲ್ಲು. ಮಾಂಸವನ್ನು ಕ್ಷಾರದಲ್ಲಿ ಕರಗಿಸಿ, ಉಳಿದ ಎಳೆಯನ್ನು ಒದ್ದೆ ಕುಂಚದಿಂದ ಎತ್ತಿ ಗಾಜಿನ ಮೇಲಿಡುವಳು.

"ಹುಳದ ನಾಲಿಗೆ ಕೀಳ್ತಾಳಂತೆ. ಇವಳದನ್ನ ಕೀಳೋರು ಇನ್ನೂ ಹುಟ್ಟಿಲ್ಲ," ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಹುಳುಗಳ ಕುಟುಂಬಗಳನ್ನು ಪಂಡಿತರು ಆಗಾಗ ಒಡೆಯುತ್ತಿದ್ದರು, ಮತ್ತೆ ಕೂಡಿಸುತ್ತಿದ್ದರು. ಹಲ್ಲಕ್ಕ ಮಾತ್ರ ಸೇರಿದಂದಿನಿಂದ ಒಂದೇ ವರ್ಗದಲ್ಲಿದ್ದಳು: ತಾತ್ಕಾಲಿಕ. ಅವಳನ್ನು ಕಾಯಂ ಮಾಡುವ ಕಡತ ದೊಡ್ಡ ಸಾಹೇಬರ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಈ ತಿಂಗಳಾದ ಮೇಲೆ ಕೆಲಸವೇ ಇಲ್ಲವೆಂಬ ಸುದ್ದಿ ಬೇರೆ.

ಸಾಹೇಬರು ಹೊಸ ಕುಟುಂಬವೊಂದನ್ನು ಹುಟ್ಟುಹಾಕಲು ಹೊರಟಿದ್ದರು. ಆಧಾರ ಒಂದೇ ಒಂದು ಹುಳು. ಮಿಕ್ಕವೆಲ್ಲ ಖಾಲಿ ಚಿಪ್ಪು. ಅದರ ಹಲ್ಲು ನೋಡಲು ತಾವೇ ಬಂದರು. ಬಂದವರೇ "ಏನು ಸೆಕೆ!" ಎಂದು ಫ್ಯಾನ್ ಹಾಕಿದರು.

ಎಳೆಯನ್ನು ಗಾಜಿನ ಮೇಲಿಟ್ಟು ಹಲ್ಲಕ್ಕ ಆಗತಾನೇ ಕೈ ತೆಗೆದಿದ್ದಳು. ನೋಡಿದರೆ ಗಾಜು ಬರಿದು.

"ಯಾರ್ರೀ ಅದು ಫ್ಯಾನ್ ಹಾಕಿದ್ದು? ಆರ್ಸಿ! ಕಾಲು ಅಲ್ಲಾಡಿಸ್ಬೇಡಿ!"

ಸಾಹೇಬರು ಒಂಟಿಕಾಲಲ್ಲಿ ನಿಂತರು. "ಹಾಕ್ಬಾರ್ದು ಅಂತ ಬೋರ್ಡ್ ಬರೆಸ್ಬೇಕಿತ್ತಮ್ಮಾ."

"ಬರೆಸಿದೆ ಸಾರ್. ನಿಮ್ಮ ಕೈ ಅದರ ಮೇಲೇ ಇದೆ."

ಭೂತಗನ್ನಡಿ ಹಿಡಿದು ಅವರ ಮೀಸೆ ಜಾಲಾಡಿದಳು. ಬಿಳಿಯ ಚೂರೊಂದು ಸಿಕ್ಕಿತು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. "ಇದು ಹೊಟ್ಟು ಸಾರ್. ಇದಕ್ಕೆ ಹೊಸ ಕುಟುಂಬ ಬೇಡ."

ಸಾಹೇಬರು ಮಂಡಿಯೂರಿ ಮೇಜಿನಡಿ ನುಗ್ಗಿದರು. ಆಗಲೇ ಹಲ್ಲಕ್ಕನ ಕಣ್ಣು ಕುಂಚದ ಮೇಲೆ ಬಿತ್ತು. ಎಳೆ ಗಾಜಿಗೆ ಇಳಿದೇ ಇರಲಿಲ್ಲ, ಹಾರಿಯೂ ಇರಲಿಲ್ಲ. ಒದ್ದೆ ಕೂದಲಿಗೆ ಅಂಟಿಕೊಂಡು ಕೂತಿತ್ತು. ಹೇಳಲೆಂದು ಬಾಯಿ ತೆರೆದಳು. ಮುಚ್ಚಿಕೊಂಡಳು.

"ಸಿಕ್ತಾ ತಾಯಿ?" ಕೆಳಗಿನಿಂದ ದನಿ.

"ಹುಡುಕಿ ಸಾರ್, ಹುಡುಕಿ. ಮುಂದಿನ ತಿಂಗಳಿಂದ ನಾನಿರಲ್ವಲ್ಲ, ಅಭ್ಯಾಸ ಆಗ್ಲಿ."

ಮೇಜಿಗೆ ತಲೆ ಬಡಿದ ಸದ್ದು. ಆಮೇಲೆ, "ನಿನ್ನ ಕಡತ ತರಿಸ್ಲಾ?"

"ತರಿಸಿ. ಬಾಗಿಲು ಮೆಲ್ಲಗೆ ತೆಗೆಯೋಕೆ ಹೇಳಿ."

ಗುಮಾಸ್ತ ಕಡತ ತಂದ. ಸಾಹೇಬರು ನೆಲದ ಮೇಲೇ ಕೂತು, ಮಂಡಿಗೆ ಒತ್ತಿ ಸಹಿ ಹಾಕಿದರು. ಶಾಯಿ ಆರುವವರೆಗೆ ಹಲ್ಲಕ್ಕ ಕಾದಳು.

"ಸಿಕ್ತು ಸಾರ್."

"ಎಲ್ಲಿತ್ತೇ?"

"ನಾನು ಬಿಟ್ಟಲ್ಲೇ."

ಎಳೆಯನ್ನು ಕುಂಚದಿಂದ ಗಾಜಿಗಿಳಿಸಿದಳು. ಸಾಹೇಬರು ಧೂಳು ಕೊಡವಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. ಹಲ್ಲು ಹಳೆಯ ಕುಟುಂಬದ್ದೇ, ಒಂದಿಷ್ಟೂ ಬೇರೆಯಿಲ್ಲ. ಅವರ ಹೊಸ ಕುಟುಂಬ ಹುಟ್ಟುವ ಮೊದಲೇ ಸತ್ತಿತು. ಮುಖ ಗಂಟಿಕ್ಕಿ, ಕಡತಕ್ಕಾಗಿ ಮೇಜು ತಡವಿದರು.

ಹಲ್ಲಕ್ಕ ಆಗಲೇ ಅದನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ದಾಟಿದ್ದಳು.

"ಈಗ ಫ್ಯಾನ್ ಹಾಕ್ಕೊಳ್ಳಿ ಸಾರ್. ತುಂಬಾ ಸೆಕೆ."