ಹಗುರವಾದ ತೊಟ್ಟಿಲ ಹಗ್ಗ

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಕೇಳುವುದಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದಾಗ, ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವ್ವ ಬೆಳಗಿನಿಂದ ನೇಯುತ್ತಿದ್ದಳು. ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾವು ಆ ಸದ್ದಿನಲ್ಲೇ ನಿದ್ದೆ ಮಾಡುತ್ತಿದ್ದೆವು. ಎಳೆ ಹರಿದು ಮಗ್ಗ ನಿಂತರೆ ಮಾತ್ರ ಥಟ್ಟನೆ ಎಚ್ಚರವಾಗುತ್ತಿತ್ತು. ಅವ್ವನ ಕಿವಿ ಇನ್ನೂ ಚುರುಕು. ನಡುಮನೆಯ ತೊಟ್ಟಿಲು ಒಂದೇ ಸಮ ಕಿರುಗುಟ್ಟುತ್ತಿರುವತನಕ ಅವಳ ಲಾಳಿ ಓಡುತ್ತಿತ್ತು. ಅದು ನಿಂತ ಕೂಡಲೇ, "ಯಾಕ, ಎದ್ದನೇನು?" ಎಂದು ಕೂಗುತ್ತಿದ್ದಳು.

ತಮ್ಮ ಹುಟ್ಟಿದ ಮೇಲೆ ನನ್ನನ್ನು ಮೂರನೇ ಇಯತ್ತೆಗೇ ಸಾಲೆ ಬಿಡಿಸಿದ್ದರು. ಅವನನ್ನು ತೂಗುವುದು ನನ್ನ ಕೆಲಸ. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಎಳೆಯುತ್ತಿದ್ದೆ. ಸ್ವಲ್ಪ ಹೊತ್ತಾದರೆ ಬೆರಳಿಗೆ ಹಗ್ಗವಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಕಾಲು ತಾನೇ ತೂಗುತ್ತಿತ್ತು.

ಆ ಮಧ್ಯಾಹ್ನ ಓಣಿಯ ಗೆಳತಿ ನಮ್ಮ ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆದಳು. ನಾನು ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ, ಕಿಟಕಿಯಿಂದ ಹೊರಗೆ ತಂದು, ಕಟ್ಟೆಯ ಮೇಲೆ ಕೂತೇ ತೂಗತೊಡಗಿದೆ.

"ನಿಮ್ಮವ್ವ ನೋಡಿದ್ರ ಚರ್ಮಾ ಸುಲೀತಾಳ."

"ಆಕಿ ನೋಡೂದಿಲ್ಲ, ಕೇಳ್ತಾಳ ಅಷ್ಟ. ಹಾಕ ನೀ ಕವಡಿ."

ನನ್ನದು ಇನ್ನೊಂದೇ ಕಾಯಿ ಹಣ್ಣಾಗಬೇಕಿತ್ತು. ಆಗ ಮರೆತೇಹೋಗಿದ್ದ ಹಗ್ಗ ಒಮ್ಮೆಲೇ ಬೆರಳಿಗೆ ತಿಳಿಯಿತು. ಹಗುರವಾಗಿತ್ತು. ಅಂಬೆಗಾಲಿಡುವ ಕೂಸು, ತಗ್ಗಿನ ತೊಟ್ಟಿಲು. ಇಳಿದಿದ್ದಾನೆಂದು ಕಾಲಿಗೆ ಗೊತ್ತಾಯಿತು, ನನಗೂ ಗೊತ್ತಾಯಿತು. ಇದೊಂದು ಗರ ಹಾಕಿ ಏಳೋಣ ಎಂದುಕೊಂಡೆ. ತೂಗುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವ್ವ ಮಗ್ಗ ಬಿಟ್ಟು ಏಳುತ್ತಿದ್ದಳು.

ಚೀರಾಟ ಅಡಿಗೆಮನೆಯಿಂದ ಬಂತು. ನೂಲಿಗೆ ಹಾಕಲು ಕಾಯಿಸಿಟ್ಟ ಗಂಜಿಯಲ್ಲಿ ತಮ್ಮ ಕೈ ಅದ್ದಿದ್ದ. ಗೆಳತಿ ಹಗ್ಗವನ್ನು ಕಿಟಕಿಯೊಳಗೆ ಎಸೆದು ಮನೆಗೆ ಓಡಿದಳು. ನಾನು ಒಳಗೆ ಹೋದಾಗ ಅವ್ವ ಅವನ ಕೈಗೆ ನೀರು ಸುರಿಯುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದಿ? ತೊಟ್ಲ ತೂಗಾಕತ್ತಿತ್ತಲ್ಲ!"

"ನಿದ್ದಿ ಹತ್ತಿತ್ತವ್ವಾ. ತೊಟ್ಲ ಆವಾಗ್ಲೇ ನಿಂತಿತ್ತು."

"ನನಗ ಸಪ್ಪಳ ಕೇಳಾಕತ್ತಿತ್ತು."

"ಇಲ್ಲವ್ವಾ. ನಿಂತು ಭಾಳ ಹೊತ್ತಾಗಿತ್ತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಒದ್ದೆ ಕೈಯಿಂದ ತನ್ನ ಕಿವಿ ಮುಟ್ಟಿಕೊಂಡಳು.

ತಮ್ಮನ ಎರಡು ಬೆರಳು ಅಂಟಿಕೊಂಡೇ ವಾಸಿಯಾದವು. ಅವ್ವ ಮಗ್ಗ ನಿಲ್ಲಿಸಿ ನಿಲ್ಲಿಸಿ ಎದ್ದು ಹೋಗಿ ನೋಡತೊಡಗಿದಳು. ಮಗ್ಗಕ್ಕೆ ಹಾಕಿದ ಸೀರೆ ಮುಗಿಯದಾಯಿತು. ಕಡೆಗೆ ಅಪ್ಪ ಅವಳನ್ನು ಧಾರವಾಡದ ಕಿವಿ ಡಾಕ್ಟರರ ಹತ್ತಿರ ಕಳಿಸಿದ. ಜೊತೆಗೆ ನಾನು.

"ಕಿವಿ ಛಲೋ ಅದಾವವಾ," ಎಂದರು ಡಾಕ್ಟರು. "ಒಂದ ನಮೂನಿ ಸಪ್ಪಳ ಬರಾಕತ್ತಿದ್ರ ಮಿದುಳು ಅದನ್ನ ಬದೀಗೆ ಸರಸ್ತದ. ಎಲ್ಲಾದಕ್ಕೂ ಗಮನಾ ಕೊಟಗೋತ ಕುಂತ್ರ ಬ್ಯಾರೆ ಕೆಲಸ ಆಗಬೇಕಲ್ಲ? ಸಪ್ಪಳ ಬದಲಾತಂದ್ರ ಆವಾಗ ತಿಳಸ್ತದ."

"ನಿಂತದ್ದು ನನಗ ತಿಳೀಲಿಲ್ಲಲ್ರೀ."

ಡಾಕ್ಟರು ನನ್ನ ಕಡೆ ತಿರುಗಿದರು. "ಖರೇನ ನಿಂತಿತ್ತೇನವಾ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಫ್ಯಾನಿನ ಗಾಳಿ ಕುತ್ತಿಗೆಗೆ ತಾಗುವುದು, ಲಂಗದ ಲಾಡಿ ಸೊಂಟಕ್ಕೆ ಬಿಗಿಯುವುದು, ಕುರ್ಚಿಯ ಬೆತ್ತ ತೊಡೆಗೆ ಒತ್ತುವುದು, ಎಲ್ಲ ಒಟ್ಟಿಗೆ ತಿಳಿಯುತ್ತಿತ್ತು.

"ಹೌದ್ರಿ," ಎಂದೆ.

ಬಸ್ಸಿನಲ್ಲಿ ಅವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂತಳು. "ಇನ್ನ ಮ್ಯಾಲೆ ನೀನ ಕೇಳಿ ಹೇಳವಾ. ನನಗ ನನ್ನ ಮ್ಯಾಲ ನಂಬಿಗಿ ಇಲ್ಲ," ಎಂದಳು. ಹಾಗೇ ನಡೆಯಿತು. ಬಾಗಿಲು ಬಡಿದರೂ, ಯಾರೋ ಕರೆದರೂ, "ಹೌದೇನವಾ?" ಎಂದು ನನ್ನ ಮುಖ ನೋಡುತ್ತಿದ್ದಳು. ಅವಳ ಕಿವಿ ಆ ದಿನ ಸರಿಯಾಗಿಯೇ ಕೇಳಿತ್ತೆಂದು ಅವಳಿರುವತನಕ ನಾನು ಹೇಳಲಿಲ್ಲ.